ಮೇಳದಲ್ಲಿ ಮಾತು ಮುಳುಗದಿರಲಿ

ವಚನಗಾಯನದಲ್ಲಿ ಮಾತಿಗೆ ರಾಗವು ಊಳಿಗ ಮಾಡಬೇಕೇ ಹೊರತು, ರಾಗಕ್ಕೆ ಮಾತು ಅಡಿಯಾಳಾಗಬಾರದೆಂದು ತರಗತಿಯಲ್ಲಿ ಬಹುಕಾಲ ಬೋಧಿಸಿದವನು ನಾನು. ಆದರೂ ಕುಣಿಗಲ್ಲಿನಲ್ಲಿ ನಡೆದ ಬಸವ ಜಯಂತಿಯೊಂದರಲ್ಲಿ ನಮ್ಮ ಶಾಲೆಯ ಮೇಳ ಹಾಡಿದಾಗ ಸಭೆಗೆ ತಲಪಿದ್ದು ಹಾರ್ಮೋನಿಯಂ, ಕೀಬೋರ್ಡು, ತಬಲಗಳ ಅಬ್ಬರ ಮಾತ್ರ. ಹಾಡುತ್ತಿದ್ದ ಬಾಲಕಿಯ ಒಂದು ಪದವೂ ಹಿಂದಿನ ಸಾಲಿನವರಿಗೆ ತಿಳಿಯಲಿಲ್ಲ. ದನಿಯನ್ನು ಏರಿಸುವಂತೆ ನಾನೇ ಸನ್ನೆ ಮಾಡಿದೆ. ಏರಿಸಿದೊಡನೆ ಮೈಕು ಕಿರುಚಿತು. ಮಗು ಬೆದರಿ ಹಾಡು ನಿಲ್ಲಿಸಿತು. ತುಮಕೂರಿಗೆ ಮರಳುವ ದಾರಿಯಲ್ಲಿ, ಅವಳ ಸ್ಥಾನಕ್ಕೆ ಗಟ್ಟಿ ಕಂಠದ ಹುಡುಗನೊಬ್ಬನನ್ನು ತರುವುದೆಂದು ನಿಶ್ಚಯಿಸಿಬಿಟ್ಟೆ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಸಾರಥ್ಯದಲ್ಲಿ ನಾಡೆಲ್ಲ ಹೆಸರಾದ ಗುಬ್ಬಿ ಕಂಪನಿಯ ನಾಟಕಗಳನ್ನು ನಮ್ಮ ತಂದೆಯವರು ನೆನೆಯುತ್ತಿದ್ದರು. ನಟರು ಪದವನ್ನು ನುಡಿಯುವಾಗ ಹಾರ್ಮೋನಿಯಂ ತಗ್ಗುತ್ತಿತ್ತು, ಬಿಡುವಿನಲ್ಲಿ ತುಂಬಿಕೊಡುತ್ತಿತ್ತು ಎಂಬುದು ಅವರ ಮಾತು. ಅದರ ಮರ್ಮ ನನಗೆ ಆಗ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವನು ಈಗ ಮೈಕ್‌ಸೆಟ್ಟಿನ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ. ವಾರ್ಷಿಕೋತ್ಸವದ ಅಭ್ಯಾಸಕ್ಕೆ ಬಂದ ಆತ ದನಿಯನ್ನು ಏರಿಸಲೇ ಇಲ್ಲ. ಬಾಲಕಿಯ ಮೈಕಿನಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಕಡಿದ. ಹಾರ್ಮೋನಿಯಂ, ಕೀಬೋರ್ಡುಗಳನ್ನು 2000ದಿಂದ 4000 ಹರ್ಟ್ಸ್‌ವರೆಗಿನ ಎಡೆಯಲ್ಲಿ ಕೊಂಚ ಇಳಿಸಿದ. ಅದೇ ಎಡೆಯಲ್ಲಿ ಅವಳ ಕಂಠವನ್ನು ಎಳ್ಳಷ್ಟು ಎತ್ತಿದ. “ಗುರುಗಳೇ, ಕಕಾರ ತಕಾರಗಳು ಸ್ಪಷ್ಟವಾಗುವುದು ಇಲ್ಲಿಯೇ. ವಾದ್ಯಗಳು ಇಲ್ಲಿ ದಾರಿ ಬಿಟ್ಟರೆ ಸಾಕು” ಎಂದ. ಮರುಕ್ಷಣವೇ ಪ್ರತಿಯೊಂದು ಅಕ್ಷರವೂ ಸ್ಫುಟವಾಯಿತು.

ಸ್ವರವು ತಾನೇ ಬೆಳಗುವುದು, ವ್ಯಂಜನವು ಅರ್ಥವನ್ನು ವ್ಯಕ್ತಪಡಿಸುವುದು ಎಂದು ವ್ಯಾಕರಣ ಹೇಳುತ್ತಿದ್ದ ನನಗೆ ಅಂದು ಕಿವಿಯಿಂದಲೇ ಪಾಠವಾಯಿತು. ಹಾಡಿನ ಬಲವೆಲ್ಲ ಸ್ವರಗಳಲ್ಲಿದೆ. ಅರ್ಥವಾದರೋ ದುರ್ಬಲವಾದ ವ್ಯಂಜನಗಳನ್ನು ನಂಬಿದೆ. ‘ಕಾಯ’ಕ್ಕೂ ‘ಮಾಯ’ಕ್ಕೂ ಇರುವ ಅಂತರ ಒಂದೇ ವ್ಯಂಜನದ್ದಲ್ಲವೇ? ಅದನ್ನು ವಾದ್ಯ ನುಂಗಿದರೆ ವಚನವೇ ಕೆಟ್ಟಂತೆ.

ವಾರ್ಷಿಕೋತ್ಸವದಲ್ಲಿ ಅವಳೇ ಹಾಡಿದಳು. ಕಡೆಯ ಸಾಲಿನ ವೃದ್ಧರು ಅವಳೊಡನೆ ಪದಗಳನ್ನು ತುಟಿಯಲ್ಲಿ ನುಡಿಯುತ್ತಿದ್ದುದನ್ನು ಕಂಡೆ. ದೊಡ್ಡ ಧ್ವನಿಪೆಟ್ಟಿಗೆ ಕೊಡಿಸಲು ಮುಂದೆ ಬಂದಿದ್ದ ದಾನಿಗಳೊಬ್ಬರು, ಆ ಹಣವನ್ನು ಪುಸ್ತಕ ಭಂಡಾರಕ್ಕೆ ಕೊಟ್ಟರು. ಕೊರತೆ ಮಗುವಿನ ಕಂಠದಲ್ಲಿರಲಿಲ್ಲ; ಅದಕ್ಕೆ ಎಡೆಗೊಡದ ನಮ್ಮಲ್ಲಿತ್ತು. ಅವಳನ್ನು ತೆಗೆದುಹಾಕಲಿದ್ದೆನೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.