ಬುದ್ಧಿ ಹೇಳಲಿಕ್ಕೂ ದುಡ್ಡೇ?

ನಮ್ಮ ಜನ ದುಡ್ಡು ಬಿಚ್ಚಲು ಅತಿ ಹೆಚ್ಚು ಹಿಂದೆಮುಂದೆ ನೋಡುವುದು ಸಲಹೆಗೆ. ಮೈಗೆ ಹುಷಾರಿಲ್ಲದಿದ್ದರೆ ಡಾಕ್ಟರಿಗೆ ಫೀ ಕೊಡುತ್ತೇವೆ. ಹೊಲದ ಬದುವಿನ ಜಗಳಕ್ಕೆ ವಕೀಲರಿಗೆ ವರ್ಷಗಟ್ಟಲೆ ಕೊಡುತ್ತೇವೆ. ಆದರೆ ಅಂಗಡಿಯೋ ಗಿರಣಿಯೋ ಸಣ್ಣ ಕಾರ್ಖಾನೆಯೋ ಸೊರಗತೊಡಗಿದರೆ ಮಾತ್ರ ‘ನಮ್ಮ ಧಂದೆ ನಮಗೆ ಗೊತ್ತಿಲ್ಲವೇ?’ ಎಂಬ ಬಿಗುಮಾನ ಅಡ್ಡ ಬರುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಲೇಥ್ ಶೆಡ್ ಇಟ್ಟುಕೊಂಡಿರುವ ನನ್ನ ಸೋದರಳಿಯ ಇದಕ್ಕೆ ಹೊರತಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಮೂರು ಲೇಥ್, ಒಂದು ಮಿಲ್ಲಿಂಗ್ ಮಶೀನು, ಒಂದು ಡ್ರಿಲ್ಲಿಂಗ್ ಮಶೀನು, ಆರು ಮಂದಿ ಕೆಲಸಗಾರರು. ದೊಡ್ಡ ಕಂಪನಿಯೊಂದಕ್ಕೆ ಪಿನ್ನುಗಳನ್ನು ಮಾಡಿಕೊಡುವುದು ಮುಖ್ಯ ಕಸುಬು. ಅದರ ಜೊತೆಗೆ ಪಂಪ್ ರಿಪೇರಿಯವರಿಗೆ ಬುಶ್‌ಗಳು. ಬೆಳಗಿನಿಂದ ರಾತ್ರಿಯವರೆಗೆ ಮಶೀನುಗಳ ಸದ್ದು ನಿಲ್ಲುವುದಿಲ್ಲ. ಕೆಲಸಕ್ಕೇನೂ ಬರವಿಲ್ಲ. ಬರವಿದ್ದದ್ದು ದುಡ್ಡಿಗೆ. ತಿಂಗಳ ಕೊನೆಗೆ ಪಗಾರ ಕೊಡಲು ನನ್ನ ತಂಗಿಯ ಬಳೆಗಳು ಬ್ಯಾಂಕಿನ ತಿಜೋರಿ ಸೇರಿದವು. ಅವುಗಳ ಹಿಂದೆಯೇ ಸೊಸೆಯ ಎರಡೆಳೆ ಸರವೂ ಹೋಯಿತು. ಒಂದು ಲೇಥ್ ಮಾರಿಬಿಡಲೇ ಎಂದು ಅವನು ಕೇಳಲು ಬಂದಾಗ, ಕಾಸ್ಟ್ ಅಕೌಂಟೆಂಟ್ ಆಗಿ ನಿವೃತ್ತರಾದ ನನ್ನ ಪರಿಚಯದವರೊಬ್ಬರ ಹೆಸರು ಹೇಳಿದೆ. ಅವರ ಫೀ 15 ಸಾವಿರ ರೂಪಾಯಿ.

‘ಬರೇ ಮಾತಾಡಿ ಹೋಗೋದಕ್ಕ ಹದಿನೈದು ಸಾವಿರ ಯಾಕ ಕೊಡಬೇಕು ಮಾಮಾ?’ ಅಂದ.

ಆರು ತಿಂಗಳ ಹಿಂದೆ ವಾಸ್ತು ನೋಡುವವರೊಬ್ಬರು ಬಂದು, ಶೆಡ್ಡಿನ ಬಾಗಿಲು ಪೂರ್ವಕ್ಕಿರಲಿ ಎಂದು ಹೇಳಿ 11 ಸಾವಿರ ಒಯ್ದಿದ್ದರು. ಗೋಡೆ ಒಡೆಸಿ ಬಾಗಿಲು ಕೂಡಿಸಿದ ಖರ್ಚು ಬೇರೆ. ಅದಕ್ಕೆ ಚೌಕಾಸಿ ನಡೆದಿರಲಿಲ್ಲ.

ಅವನ ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತೆನ್ನಿ. ಶೆಡ್ ಹಾಕುವಾಗ ಬ್ಯಾಂಕ್ ಸಾಲಕ್ಕೆಂದು ಒಬ್ಬರಿಂದ ಪ್ರಾಜೆಕ್ಟ್ ರಿಪೋರ್ಟ್ ಬರೆಸಿದ್ದ. ದಪ್ಪ ರಟ್ಟಿನ, ಬಂಗಾರದ ಅಕ್ಷರದ ವರದಿ. ಒಳಗೆ ನೋಡಿದರೆ ವಿದ್ಯುತ್ ದರ ಬೇರೆ ರಾಜ್ಯದ್ದು! ಯಾರಿಗೋ ಬರೆದಿದ್ದನ್ನು ಹೆಸರು ಬದಲಿಸಿ ಕೊಟ್ಟಿದ್ದರು. ಸಲಹೆ ಕೊಡುತ್ತೇವೆಂದು ಬೋರ್ಡು ಹಾಕಿಕೊಂಡವರಲ್ಲಿ ಇಂಥವರಿಗೆ ಕೊರತೆಯಿಲ್ಲ. ಗೋಡೆಯ ಮೇಲೆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿ, ಅದರ ಕೆಳಗೇ ಹಳೆಯ ಗೊಂದಲವನ್ನು ಮುಂದುವರಿಸಿದ ಕಾರ್ಖಾನೆಗಳನ್ನು ನಾನೂ ನೋಡಿದ್ದೇನೆ.

ಅಂತೂ ತಂಗಿಯ ಒತ್ತಾಯಕ್ಕೆ ಅವರನ್ನು ಕರೆಸಿದ್ದಾಯಿತು. ‘ನಮಗೊಬ್ಬ ಸಿಎ ಇದ್ದಾರಲ್ಲ, ಮತ್ತೆ ಇವರೇಕೆ?’ ಎಂಬುದು ಅಳಿಯನ ಮೊದಲ ಪ್ರಶ್ನೆ. ಇದು ಅನೇಕರಿಗಿರುವ ಗೊಂದಲ. ಚಾರ್ಟರ್ಡ್ ಅಕೌಂಟೆಂಟರ ಕಾಯ್ದೆ 1949ರದು, ಕಾಸ್ಟ್ ಅಕೌಂಟೆಂಟರದು 1959ರದು. ಸಣ್ಣ ಉದ್ದಿಮೆದಾರ ಸಾಮಾನ್ಯವಾಗಿ ಸಿಎ ಹತ್ತಿರ ಹೋಗುವುದು ಆದಾಯ ತೆರಿಗೆಗೆ, ಜಿಎಸ್‌ಟಿಗೆ. ವರ್ಷ ಮುಗಿದ ಮೇಲೆ ಒಟ್ಟು ಏನಾಯಿತೆಂದು ಆ ಲೆಕ್ಕ ಹೇಳುತ್ತದೆ. ಈ ಒಂದು ಪಿನ್ನಿಗೆ ಎಷ್ಟು ಬಿತ್ತು ಎಂಬುದು ಬೇರೆಯೇ ಲೆಕ್ಕ.

ಬಂದವರು ಮೊದಲ ದಿನ ಲೆಕ್ಕದ ಪುಸ್ತಕ ಮುಟ್ಟಲೇ ಇಲ್ಲ. ಒಂದು ಸ್ಟೂಲು ಹಾಕಿಸಿಕೊಂಡು ಶೆಡ್ಡಿನ ಮೂಲೆಯಲ್ಲಿ ಕೂತರು. ಮರುದಿನ ಪ್ರತಿ ಲೇಥಿಗೂ ಒಂದೊಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕನ್ನು ದಾರ ಕಟ್ಟಿ ತೂಗುಹಾಕಿದರು. ಮಶೀನು ಎಷ್ಟು ಹೊತ್ತಿಗೆ ಲೋಹ ಕೊರೆಯಲು ಶುರುಮಾಡಿತು, ಎಷ್ಟು ಹೊತ್ತಿಗೆ ನಿಂತಿತು, ಯಾಕೆ ನಿಂತಿತು, ಇಷ್ಟು ಬರೆದರೆ ಸಾಕು. ಹಿರಿಯ ಟರ್ನರ್‌ಗೆ ಇದು ಸರಿಬರಲಿಲ್ಲ. ಕೆಲಸದಿಂದ ತೆಗೆಯಲು ನಡೆದ ಹೂಟ ಇದು ಎಂದು ಅವನಿಗನ್ನಿಸಿತ್ತು. ‘ಸಾಹೇಬ್ರ, ಗಡಿಯಾರ ಬೇಕಾದ್ರ ಮಶೀನಿಗೆ ಹಚ್ಚರಿ, ಮನಶಾಗ ಹಚ್ಚಬ್ಯಾಡ್ರಿ’ ಅಂದನಂತೆ. ಅವರು ತಕ್ಷಣ ಒಪ್ಪಿಕೊಂಡು, ಪುಸ್ತಕದಲ್ಲಿ ಯಾರ ಹೆಸರೂ ಇರಬಾರದು, ಮಶೀನಿನ ನಂಬರಷ್ಟೇ ಇರಲಿ ಎಂದರು. ಅಲ್ಲಿಂದ ಮುಂದೆ ಎಲ್ಲರಿಗಿಂತ ಚೊಕ್ಕವಾಗಿ ಬರೆದವನು ಆ ಟರ್ನರೇ.

ಹನ್ನೆರಡು ದಿನಗಳ ಬರಹವನ್ನು ಕೂಡಿ ನೋಡಿದಾಗ, ಎಂಟು ಗಂಟೆಯ ಪಾಳಿಯಲ್ಲಿ ದೊಡ್ಡ ಲೇಥ್ ನಿಜವಾಗಿ ಲೋಹ ಕೊರೆದದ್ದು ಸರಾಸರಿ 3 ಗಂಟೆ 20 ನಿಮಿಷ. ಸದ್ದು ಮಾತ್ರ ಎಂಟು ಗಂಟೆಯದು! ಉಳಿದ ಹೊತ್ತು ಎಲ್ಲಿ ಹೋಯಿತು? ಟೂಲ್ ಹುಡುಕುವುದು, ಸರಳು ಬರುವ ತನಕ ಕಾಯುವುದು, ಒಂದು ಮಾಲಿನಿಂದ ಇನ್ನೊಂದು ಮಾಲಿಗೆ ಸೆಟ್ಟಿಂಗ್ ಬದಲಿಸುವುದು. ಅತಿ ಹೆಚ್ಚು ಸಲ ಬರೆದಿದ್ದ ಕಾರಣವೊಂದಿತ್ತು: ‘ಮೈಕ್ರೊಮೀಟರ್ ಇಲ್ಲ’. ಇಡೀ ಶೆಡ್ಡಿಗೆ ಇದ್ದ ಒಂದೇ ಒಳ್ಳೆಯ ಮೈಕ್ರೊಮೀಟರು ಯಜಮಾನರ ಮೇಜಿನ ಡ್ರಾಯರಿನಲ್ಲಿ. ಅದಕ್ಕೆ ಬೀಗ. ಯಜಮಾನರು ಬ್ಯಾಂಕಿಗೆ ಹೋದರೆ ಬೀಗದ ಕೈಯೂ ಬ್ಯಾಂಕಿಗೆ. ಇದನ್ನು ಕೇಳಿ ನನಗೆ ನಗು ಬಂತು. ವರ್ನಿಯರ್ ಕ್ಯಾಲಿಪರ್ಸ್ ಕಳೆದುಹೋದೀತೆಂದು ಕಪಾಟಿನಲ್ಲೇ ಇಟ್ಟು, ಹುಡುಗರಿಗೆ ಬೋರ್ಡಿನ ಮೇಲೆ ಅದರ ಚಿತ್ರ ತೋರಿಸುವ ಶಾಲೆಗಳು ಎಷ್ಟಿಲ್ಲ!

ಆಮೇಲೆ ಪಿನ್ನಿನ ಲೆಕ್ಕ. ಮಾರುವ ಬೆಲೆ 46 ರೂಪಾಯಿ. ಅಳಿಯನ ಪ್ರಕಾರ ಉಕ್ಕಿಗೆ 27, ಕೂಲಿಗೆ 8, ಟೂಲು-ಕೂಲೆಂಟ್‌ಗೆ 3, ಒಟ್ಟು 38. ಎಂಟು ರೂಪಾಯಿ ಲಾಭ. ಅವರು ಅದೇ ಹಾಳೆಯ ಕೆಳಗೆ ಬರೆಯುತ್ತ ಹೋದರು: ತಿರಸ್ಕೃತವಾಗುವ ಪಿನ್ನುಗಳ ಪಾಲು ಒಂದೂವರೆ, ಕರೆಂಟು 2, ಸೆಟ್ಟಿಂಗ್ ವೇಳೆ ಎರಡೂವರೆ, ಬಾಡಿಗೆ 3, ಕಂಪನಿ ದುಡ್ಡು ಕೊಡುವ ತನಕ ನಾಲ್ಕು ತಿಂಗಳ ಬಡ್ಡಿ 2. ಒಟ್ಟು 49. ಪ್ರತಿ ಪಿನ್ನಿಗೂ ಮೂರು ರೂಪಾಯಿ ಕೈಯಿಂದ ಹೋಗುತ್ತಿತ್ತು. ‘ನಿಮ್ಮ ಸಂಬಳ ಎಷ್ಟು ಹಾಕೋಣ?’ ಎಂದು ಕೇಳಿದರಂತೆ. ಇವನಿಗೆ ಅರ್ಥವೇ ಆಗಲಿಲ್ಲ. ಒಂಬತ್ತು ವರ್ಷ ಬೆಳಗಿನ ಎಂಟರಿಂದ ರಾತ್ರಿ ಒಂಬತ್ತರ ತನಕ ದುಡಿದವನು ತನಗೊಂದು ಪಗಾರವಿದೆ ಎಂದು ಯೋಚಿಸಿಯೇ ಇರಲಿಲ್ಲ. ಅದಕ್ಕೆ ನಾಲ್ಕು ರೂಪಾಯಿ ಸೇರಿಸಿದರೆ 53.

ಪಂಪ್ ರಿಪೇರಿಯವರ ಬುಶ್‌ಗಳನ್ನು ಅವನು ‘ಕಿರಿಕಿರಿ ಕೆಲಸ’ ಎಂದು ರಾತ್ರಿಗೆ ತಳ್ಳುತ್ತಿದ್ದ. ಇದೇ ರೀತಿ ಲೆಕ್ಕ ಹಾಕಿದರೆ ಅವುಗಳ ಅಸಲು 42, ಬೆಲೆ 60, ಅದೂ ಕೈಗೆ ನಗದು. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ಕಿರಿಕಿರಿಯಿಂದ.

ಕರೆಂಟಿನ ಬಿಲ್ಲನ್ನು ಅವರು ನನ್ನ ಕೈಗೆ ಕೊಟ್ಟರು. ‘ಇದು ನಿಮ್ಮ ವಿಷಯ ಮಾಸ್ತರ್ರ’ ಅಂದರು. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡದ ಸಾಲೊಂದಿತ್ತು. ಲೇಥಿನ ಇಂಡಕ್ಷನ್ ಮೋಟಾರಿಗೆ ಎರಡು ಬಗೆಯ ಕರೆಂಟು ಬೇಕು. ಒಂದು ಕೆಲಸ ಮಾಡುವಂಥದು. ಇನ್ನೊಂದು ಮೋಟಾರಿನೊಳಗೆ ಕಾಂತಕ್ಷೇತ್ರ ಕಟ್ಟುವಂಥದು. ಇದು ತಂತಿಯಲ್ಲಿ ಸೆಕೆಂಡಿಗೆ ಹಲವು ಸಲ ಹೋಗಿ ಬಂದು ಮಾಡುತ್ತದೆಯೇ ಹೊರತು ಪಿನ್ನು ಕೊರೆಯುವುದಿಲ್ಲ. ಲೋಟದ ಕಾಫಿ ಮತ್ತು ಅದರ ಮೇಲಿನ ನೊರೆ ಇದ್ದ ಹಾಗೆ. ನೊರೆ ಹೊಟ್ಟೆ ತುಂಬಿಸದು, ಆದರೆ ಅದಕ್ಕೂ ಲೋಟದಲ್ಲಿ ಜಾಗ ಬೇಕು. ಮೋಟಾರು ಹೊರೆಯಿಲ್ಲದೆ ಖಾಲಿ ತಿರುಗಿದಷ್ಟೂ ನೊರೆಯ ಪಾಲು ಹೆಚ್ಚು. ದಿನಕ್ಕೆ ನಾಲ್ಕೂವರೆ ಗಂಟೆಗೂ ಮಿಕ್ಕಿ ಖಾಲಿ ತಿರುಗುವ ಲೇಥಿನ ಕಥೆ ಬಿಲ್ಲಿನಲ್ಲೂ ಬರೆದಿತ್ತು. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಇಳಿದರೆ ವಿದ್ಯುತ್ ಕಂಪನಿ ದಂಡ ಹಾಕುತ್ತದೆ. ಸರಿಯಾದ ಅಳತೆಯ ಕೆಪಾಸಿಟರ್ ಕೂಡಿಸಿದರೆ ಆ ನೊರೆಯ ಕರೆಂಟನ್ನು ಅದೇ ಒದಗಿಸುತ್ತದೆ, ದೂರದಿಂದ ತರಬೇಕಿಲ್ಲ. ಶೆಡ್ಡಿನಲ್ಲಿ ಕೆಪಾಸಿಟರ್ ಇರಲಿಲ್ಲವೆಂದಲ್ಲ, ಸುಟ್ಟು ಎರಡು ವರ್ಷವಾಗಿತ್ತು. ಯಾರೂ ನೋಡಿರಲಿಲ್ಲ.

ಕಠಿಣವಾದದ್ದು ಬಾಕಿ ವಸೂಲಿ. 2006ರ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಕೊಂಡವರು, ಲಿಖಿತ ಒಪ್ಪಂದ ಏನೇ ಇರಲಿ, 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆರಂಭವಾದ ತೆರಿಗೆ ನಿರ್ಧಾರದ ವರ್ಷದಿಂದ, ಹೀಗೆ ತಡಮಾಡಿದ ಮೊತ್ತವನ್ನು ನಿಜವಾಗಿ ಪಾವತಿ ಮಾಡುವವರೆಗೆ ಕೊಂಡವರು ತಮ್ಮ ಖರ್ಚೆಂದು ತೋರಿಸುವಂತಿಲ್ಲ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ರಕ್ಷಣೆ ಬೇಕೆ? ಆದರೆ ದೂರು ಕೊಟ್ಟ ಮರುದಿನ ಆರ್ಡರು ನಿಂತರೆ ಏನು ಮಾಡುವುದು? ಕಾಯ್ದೆಗೆ ಈ ಹೆದರಿಕೆ ಕಾಣುವುದಿಲ್ಲ. ಸಲಹೆಗಾರರು ದೂರಿನ ಮಾತೆತ್ತದೆ ಒಂದು ಸಣ್ಣ ಕೆಲಸ ಮಾಡಿಸಿದರು. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನೋಂದಣಿಯ ಸಂಖ್ಯೆ, ಹಣ ಕೊಡಬೇಕಾದ ತಾರೀಖು, ಅದರ ಕೆಳಗೆ ಕಾಯ್ದೆಯ ಹೆಸರು. ಬೈಗುಳವಿಲ್ಲ, ಬೇಡಿಕೆಯಿಲ್ಲ.

ಇಂಥ ನೆರವು ನಮ್ಮ ರಾಜ್ಯಕ್ಕೆ ಹೊಸದಲ್ಲ. ಆಹಾರ ಪದಾರ್ಥ ಮಾಡುವವರಿಗೆ 1950ರಿಂದ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟು ಎರಡು ಬ್ಯಾಂಕುಗಳ ಜೊತೆ ಸೇರಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆಯನ್ನು ನೋಡಿಯೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥ ತರಬೇತಿ ಕೇಂದ್ರಗಳು ಬಂದವು. ಸರ್ಕಾರದ ಟೆಕ್ಸಾಕ್ 1976ರದು. 2023ರಲ್ಲಿ ಹೊಸ ರೂಪ ಪಡೆದ ಕೇಂದ್ರದ ಲೀನ್ ಯೋಜನೆಯಲ್ಲಂತೂ ಸಲಹೆಗಾರರ ವೆಚ್ಚದ ಶೇ 90 ಭಾಗವನ್ನು ಸರ್ಕಾರವೇ ಭರಿಸುವ ಏರ್ಪಾಡು. ಆದರೆ ಆರು ಮಂದಿಯ ಶೆಡ್ಡಿನ ಯಜಮಾನ ಇವುಗಳ ಬಾಗಿಲಿಗೆ ಹೋಗುವುದು ಯಾವಾಗ? ಅರ್ಜಿ ತುಂಬಲು ಅರ್ಧ ದಿನ ಬೇಕು, ಆ ಅರ್ಧ ದಿನ ಮೈಕ್ರೊಮೀಟರು ಡ್ರಾಯರಿನಲ್ಲಿ! ಕಚೇರಿಯಲ್ಲಿ ಕೂತು ಕಾಯುವ ನೆರವಿಗಿಂತ ಶೆಡ್ಡಿಗೆ ಬಂದು ಸ್ಟೂಲು ಹಾಕಿಕೊಂಡು ಕೂಡುವ ನೆರವು ಇಂಥವರಿಗೆ ಬೇಕು ಎಂಬುದು ನನ್ನ ಅಭಿಪ್ರಾಯ.

ಮೂರು ತಿಂಗಳ ನಂತರ ಅಳಿಯ ಆ 49 ರೂಪಾಯಿಯ ಹಾಳೆ ಹಿಡಿದು ಕಂಪನಿಗೆ ಹೋದ. ‘44ಕ್ಕೆ ಮಾಡಿಕೊಡುವವರಿದ್ದಾರೆ’ ಎಂದರು ಖರೀದಿ ಅಧಿಕಾರಿ. ‘ಹಂಗಾರ ಅವರ ಕಡೆನೇ ಮಾಡಿಸ್ರಿ ಸರ’ ಎಂದು ಹೇಳಿ ಬಂದನಂತೆ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೂರು ವಾರ ಕಳೆದ ಮೇಲೆ ಮೊದಲಿನ ಅರ್ಧದಷ್ಟು ಪಿನ್ನುಗಳಿಗೆ 50 ರೂಪಾಯಿಯಂತೆ ಆರ್ಡರು ಬಂತು. ಬಿಡುವಾದ ಲೇಥ್ ಈಗ ಹಗಲಲ್ಲೇ ಬುಶ್ ಮಾಡುತ್ತಿದೆ. ಎರಡನೆಯ ಮೈಕ್ರೊಮೀಟರು ಬಂದಿದೆ, ಅದಕ್ಕೆ ಬೀಗವಿಲ್ಲ. ಸೊಸೆಯ ಸರ ಬಿಡಿಸಿಕೊಂಡು ಬಂದಿದ್ದಾರೆ, ತಂಗಿಯ ಬಳೆಗಳು ಇನ್ನೂ ಬ್ಯಾಂಕಿನಲ್ಲಿವೆ. ಹಳೆಯ ನಾಲ್ಕು ಬಿಲ್ಲುಗಳಲ್ಲಿ ಎರಡರ ಹಣ ಬಂದಿದೆ. ಉಳಿದೆರಡಕ್ಕೆ ಸರ್ಕಾರದ ಮಂಡಳಿಗೆ ಅರ್ಜಿ ಹಾಕಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಭಾನುವಾರ ನಡೆಯುತ್ತದೆ. ‘ಹಾಕಿಬಿಡು’ ಎನ್ನುವವಳು ತಂಗಿ. ‘ಇನ್ನೊಂದು ತಿಂಗಳು ನೋಡೋಣು’ ಎನ್ನುವವನು ಅಳಿಯ. ಸಲಹೆಗಾರರನ್ನು ಕೇಳೋಣವೆಂದರೆ, ಅವರು ಈಗ ಪಕ್ಕದ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಾರೆ.