ಹಳದಿ ಪಂಗಡ

ಹಳೆಯ ನಕ್ಷೆಗಳ ಚಟ ಹತ್ತಿದವರಲ್ಲಿ ಎರಡು ಪಂಗಡ: ನೀಲಿಯವರು, ಹಳದಿಯವರು. ನೀಲಿಯವರದ್ದು ಭಾರೀ ಬಹುಮತ. ಹಳದಿಯವರಲ್ಲಿ ಸದ್ಯಕ್ಕೆ ನಾನೇ ಅಧ್ಯಕ್ಷ, ನಾನೇ ಖಜಾಂಚಿ.

ಮೊನ್ನೆ ನೀಲಿ ಪಂಗಡದ ಗೆಳೆಯರೊಬ್ಬರು ಸರ್ವೆ ಆಫ್ ಇಂಡಿಯಾದ 57 ಎಚ್/9 ಹಾಳೆಯನ್ನು, ಅಂದರೆ ನಮ್ಮ ಸಾರಕ್ಕಿ ಇರುವ ಹಾಳೆಯನ್ನು, ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ ವಾಟ್ಸಾಪಿನಲ್ಲಿ ಕಳಿಸಿದರು. ಕೆರೆಗಳಿಗೆಲ್ಲ ತಮ್ಮ ಕೈಯಾರೆ ಇನ್ನಷ್ಟು ನೀಲಿ ತುಂಬಿದ್ದರು. ಕೆಳಗೆ ಅಳುಮುಖಗಳ ಸಾಲು. ‘ಸುತ್ತ ಇಷ್ಟೊಂದು ಹಳದಿ ಇದೆಯಲ್ಲ, ಅದೇನು ಸಾರ್?’ ಎಂದು ಕೇಳಿದೆ. ‘ಅದಾ? ಬರೀ ಬಯಲು’ ಎಂದರು.

ಬರೀ ಬಯಲಂತೆ! ಆ ಹಾಳೆಯಲ್ಲಿ ಹಳದಿ ಎಂದರೆ ಉತ್ತು ಬಿತ್ತಿದ ನೆಲ. ಬೆಂಗಳೂರು ಸೀಮೆಯಲ್ಲಿ ಅದು ಮುಖ್ಯವಾಗಿ ಮಳೆ ನಂಬಿದ ರಾಗಿ ಹೊಲ. ನಡುನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು. ನಕ್ಷೆ ಬರೆದವರಿಗೆ ಅಕ್ಕಡಿ ಸಾಲಿನ ಹಂಗಿರಲಿಲ್ಲ. ಏರು, ತಗ್ಗು, ನೀರು, ಬಂಡಿ ಹೋಗುವ ದಾರಿ ಇಷ್ಟು ಸಿಕ್ಕರೆ ದಂಡು ನಡೆಸುವವರ ಕೆಲಸ ಆಯಿತು. ಹಾಗಾಗಿ ಒಂಟಿ ಬಾವಿಗೂ ಗುರುತುಂಟು, ಗುಡಿಗೂ ಗುರುತುಂಟು, ಊರಿಗೆಲ್ಲ ಅನ್ನ ಹಾಕಿದ ಹೊಲಕ್ಕೆ ಮಾತ್ರ ಒಂದು ಬಣ್ಣ ಬಳಿದು ಕೈತೊಳೆದುಕೊಂಡರು.

ಆದರೂ ಆ ಹಾಳೆಯನ್ನು ಬಯ್ಯಲಾರೆ. ಭೂತಗನ್ನಡಿ ಹಿಡಿದು ಕೆರೆ ಏರಿಯ ಗೆರೆಯ ಪಕ್ಕ ಹುಡುಕಿ: ಎಷ್ಟೋ ಕಡೆ ಒಂದು ಪುಟ್ಟ ಅಂಕಿ, ಅದರ ಬೆನ್ನಿಗೆ ‘ಆರ್’ ಅಕ್ಷರ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ, ಪಕ್ಕದ ನೆಲದಿಂದ ಏರಿ ಎಷ್ಟು ಎದ್ದಿದೆ ಎಂಬ ಲೆಕ್ಕ. ‘5 ಆರ್’ ಎಂದಿದ್ದರೆ ಐದು ಮೀಟರ್. ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಆಚೆ ಕಾಣದು. ಅಷ್ಟು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರು ಬೆಳಗಿನ ವಾಕಿಂಗಿಗೆಂದು ಹೊತ್ತಿರಲಾರರು.

ನನ್ನ ಮೆಚ್ಚಿನ ಉಪಾಯಕ್ಕೆ ಇನ್ನೊಂದು ಹಾಳೆ ಬೇಕು: ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಮೊದಲನೆಯದು 50,000ಕ್ಕೆ ಒಂದರ ಪ್ರಮಾಣ, ಇದು 7,920ಕ್ಕೆ ಒಂದು. ಅದಕ್ಕೆ ಏರು ತಗ್ಗು ಗೊತ್ತು, ಯಾರ ಹೊಲ ಎಲ್ಲಿಗೆ ಮುಗಿಯಿತೆಂದು ಗೊತ್ತಿಲ್ಲ. ಇದಕ್ಕೆ ಒಂದೊಂದು ಬದುವೂ ಗೊತ್ತು, ದಿಣ್ಣೆ ಗೊತ್ತಿಲ್ಲ. ಎರಡನ್ನೂ ಪಕ್ಕಪಕ್ಕ ಹರಡಿಕೊಂಡು ತುಂಡುಗಳ ಗಾತ್ರ ನೋಡಿ. ದಿಣ್ಣೆಯ ಮೇಲಿನ ಖುಷ್ಕಿ ಹೊಲಗಳು ಸಾಮಾನ್ಯವಾಗಿ ಕೈಕಾಲು ಚಾಚಿಕೊಂಡಿರುತ್ತವೆ. ಏರಿಯ ಕೆಳಗೆ, ತೂಬಿನ ನೀರು ಹಾಯುವಲ್ಲಿ, ತುಂಡುಗಳು ಚಿಂದಿಯಾಗುತ್ತವೆ. ನೀರು ಬೀಳುವ ಜಾಗದಲ್ಲಿ ಎಲ್ಲರಿಗೂ ಒಂದು ಪಾಲು ಬೇಕಲ್ಲ! ‘ಗದ್ದೆ’ ಎಂದು ಎಲ್ಲೂ ಬರೆಯದಿದ್ದರೂ ಅಚ್ಚುಕಟ್ಟು ಎದ್ದು ಕಾಣುತ್ತದೆ.

ಆಮೇಲೆ ಚಪ್ಪಲಿ ಮೆಟ್ಟಿ ಹೊರಡಬೇಕು. ಜೆ.ಪಿ. ನಗರದ ಬಡಾವಣೆಯ ರಸ್ತೆಗಳು ಸ್ಕೇಲಿಟ್ಟು ಎಳೆದಂಥವು. ಅಲ್ಲಿ ನನಗೇನೂ ಸಿಗುವುದಿಲ್ಲ. ಹಳೆಯ ಊರಿನ ಅಂಚಿನ ರೆವಿನ್ಯೂ ಸೈಟುಗಳ ಕಡೆ ಬನ್ನಿ. ಅಡ್ಡರಸ್ತೆ ನೆಟ್ಟಗೆ ಹೋಗುತ್ತ ಹೋಗುತ್ತ ಕಾರಣವಿಲ್ಲದೆ ಸೊಟ್ಟಗಾಗುತ್ತದೆ. ಕಂಟ್ರಾಕ್ಟರು ಕುಡಿದಿರಲಿಲ್ಲ. ಒಬ್ಬ ರೈತ ತನ್ನ ಸರ್ವೆ ನಂಬರನ್ನು ಸೈಟು ಹಾಕಿ ಮಾರಿದ; ಅವನ ರಸ್ತೆ ಅವನ ಬದುವಿಗೆ ಬಂದು ನಿಂತಿತು. ಕೆಲವು ವರ್ಷ ಬಿಟ್ಟು ಪಕ್ಕದವನು ಮಾರಿದ. ಅವನ ರಸ್ತೆ ಅವನ ಹೊಲದ ಓರೆಗೆ ಹೊರಟಿತು. ಆಟೋದವರು ಶಪಿಸುವ ಆ ತಿರುವೇ ಬದು. ಅಂಥ ಒಂದು ತಿರುವು ಗ್ರಾಮ ನಕ್ಷೆಯ ಗೆರೆಗೆ ಕೂತಿತೆಂದರೆ ಆ ದಿನ ನನಗೆ ಮಧ್ಯಾಹ್ನದ ಊಟ ಬೇಡ.

ಇದನ್ನೆಲ್ಲ ಹೇಳಿದರೆ ನೀಲಿಯವರು ಆಕಳಿಸುತ್ತಾರೆ. ಅವರ ಸಂತೋಷವೇ ಬೇರೆ: ‘ನಿಮ್ಮ ಮನೆ ಕೆರೆಯೊಳಗಿದೆ’ ಎಂದು ಹೆದರಿಸುವುದು. ಸ್ವಾಮಿ, 50,000ರ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದ ಮೇಲೆ 25 ಮೀಟರ್. ಗೆರೆಯ ದಪ್ಪದೊಳಗೇ 30-40ರ ಎರಡು ಸೈಟು ಉದ್ದುದ್ದ ಮಲಗುತ್ತವೆ. 2015ರ ಏಪ್ರಿಲ್‌ನಲ್ಲಿ 82 ಎಕರೆ ಚಿಲ್ಲರೆಯ ಸಾರಕ್ಕಿ ಕೆರೆಯ ಒತ್ತುವರಿ ತೆರವಾಯಿತಲ್ಲ, ಅಂಥ ಕಡೆ ಬೇಕಾಗುವುದು ಸರ್ವೆ ನಂಬರಿನ ದಾಖಲೆ ಮತ್ತು ನೆಲದ ಮೇಲಿನ ಅಳತೆ; ಮೊಬೈಲಿನಲ್ಲಿ ಹಿಗ್ಗಿಸಿದ ನೀಲಿಯಲ್ಲ.

ಇದನ್ನಾದರೂ ಕ್ಷಮಿಸಿಯೇನು. ಕ್ಷಮಿಸಲಾಗದ್ದು ಇನ್ನೊಂದಿದೆ. ಕೆರೆ ಕಟ್ಟಿದ್ದೇ ಕೆಳಗಿನ ಗದ್ದೆಗೆ. ಅಚ್ಚುಕಟ್ಟಿನ ಮೇಲೆ ಅಪಾರ್ಟ್‌ಮೆಂಟು ಎದ್ದ ದಿನವೇ ಕೆರೆಯ ಉದ್ಯೋಗ ಹೋಯಿತು. ಅದೇ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಕೆರೆಗಾಗಿ ಮರುಗುವವರು, ಉತ್ತವನ ಪ್ರಸ್ತಾಪ ಬಂದ ಕೂಡಲೇ ‘ಬರೀ ಬಯಲು’ ಎನ್ನುತ್ತಾರೆ! ಕೆರೆಗೆ ಬೇಲಿ, ಬೆಂಚು, ದೀಪ ಎಲ್ಲ ಬರಲಿ, ಬೇಡವೆನ್ನುವುದಿಲ್ಲ. ಆದರೆ ತೂಬು ಯಾವ ಕಡೆ ತೆರೆಯುತ್ತಿತ್ತು ಎಂದು ಕೇಳದವರು ಊರಿನ ಇತಿಹಾಸದ ಪಾಠ ಹೇಳಬಾರದು.

ಇರಲಿ, ರಕ್ತದೊತ್ತಡ ಏರುತ್ತಿದೆ, ಅಳತೆಯ ಮಾತಾಡೋಣ. ನಮ್ಮ ಸರ್ವೆಯರ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಗುಂಟೆ. 40 ಗುಂಟೆಗೆ ಎಕರೆ. ಗ್ರಾಮ ನಕ್ಷೆಯ ಒಂದು ಅಂಗುಲದಲ್ಲಿ ಇಪ್ಪತ್ತು ಸರಪಳಿ. ಮೈದಾನದ ಕ್ರಿಕೆಟ್ ಪಿಚ್ಚು ಸರಿಯಾಗಿ ಎರಡು ಸರಪಳಿ. 30-40 ಸೈಟು ಒಂದು ಗುಂಟೆಯ ಮೇಲೆ 111 ಚದರಡಿ. ಹೊಲ ಹೋದರೂ ದಲ್ಲಾಳಿಯ ಬಾಯಲ್ಲಿ ಗುಂಟೆ ಹೋಗಿಲ್ಲ. ಇನ್ನು ಸರಪಳಿಗೆ ಹದಿನಾರು ಆಣೆ. ರೂಪಾಯಿಯ ಆಣೆಗೆ 1957ರಲ್ಲೇ ಪೈಸೆ ಬಂದು ಕೂತಿತು. ಹಳೆಯ ಸರ್ವೆ ಟಿಪ್ಪಣಿಯ ಆಣೆ ಹಾಗೇ ಇದೆ. ಒಂದಾಣೆ ಎಂದರೆ ಎರಡಡಿ ಮುಕ್ಕಾಲು ಅಂಗುಲ. ನಮ್ಮ ಬೀದಿಯಲ್ಲಿ ಅಕ್ಕಪಕ್ಕದವರು ಮಾತು ಬಿಟ್ಟಿರುವ ಕಾಂಪೌಂಡ್ ಜಗಳಗಳನ್ನು ನಾನು ಕಣ್ಣಳತೆಯಲ್ಲೇ ನೋಡಿದ್ದೇನೆ: ಒಂದೂ ಒಂದಾಣೆ ಮೀರುವುದಿಲ್ಲ.