ಕಾಟಿಯ ದರ್ಶನ, ಕಲ್ಲಿನ ಮೇಲಣ ಊಟ

ಪರದೇಶದಲ್ಲಿರುವ ಮಗ ತಾನು ಉಂಡದ್ದನ್ನೆಲ್ಲ ತಾಯಿಗೆ ತಿಳಿಸುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಅದರಿಂದ ಮನೆಯಲ್ಲಿ ಎಂಥ ಗೊಂದಲವಾಗಬಹುದೆಂಬುದು ಕಳೆದ ಚಳಿಗಾಲದಲ್ಲಿ ನಮ್ಮ ಅನುಭವಕ್ಕೆ ಬಂದಿತು. ಅಮೆರಿಕದ ಕೊಲರಾಡೋದಲ್ಲಿರುವ ನಮ್ಮ ತಮ್ಮ ಒಂದು ತಟ್ಟೆಯ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿ, ‘ಇವತ್ತು ಬೈಸನ್ ಸ್ಟೇಕ್ ತಿಂದೆ’ ಎಂದು ಬರೆದಿದ್ದ. ‘ಬೈಸನ್ ಅಂದರೇನೋ?’ ಎಂದು ತಾಯಿಯವರು ಕೇಳಿದರು. ನಾವು ಬಿ.ಎ. ಓದಿದವರಲ್ಲವೆ? ಹಿಂದುಮುಂದು ನೋಡದೆ, ‘ಕಾಟಿ’ ಎಂದುಬಿಟ್ಟೆವು.

ಅಲ್ಲಿಗೆ ಮನೆಯ ಶಾಂತಿ ಕೆಟ್ಟಿತು. ನಮ್ಮದು ಭದ್ರಾ ಕಾಡಿನ ಅಂಚಿನ ಊರು. ಅಜ್ಜನ ಕಾಲದಲ್ಲಿ ಕಾಡುಹಂದಿ ಬಂದ ದಿನ ಕಡುಬಿನ ಹಬೆ ಎದ್ದ ಮನೆಯೇ ಹೊರತು ನಾವು ಶಾಕಾಹಾರಿಗಳೇನೂ ಅಲ್ಲ. ಆದರೆ ಕಾಟಿಯ ಮಾತು ಬೇರೆ. ಅದು ದನದ ಜಾತಿ, ಕಾಡಿನಲ್ಲಿರುವ ಹಸು ಎಂಬ ಭಾವನೆ ನಮ್ಮ ಮನೆಯಲ್ಲಿತ್ತು. ಅದರ ಮಾಂಸ ಅಂಗಳಕ್ಕೂ ಬರುವಂತಿರಲಿಲ್ಲ. ‘ನನ್ನ ಮಗ ಕಾಟಿ ತಿಂದನೆ?’ ಎಂದು ಒಂದೇ ಒಂದು ಮಾತನಾಡಿ ತಾಯಿಯವರು ಸುಮ್ಮನಾದರು. ಮುಂದಿನ ಭಾನುವಾರ ತಮ್ಮನ ಕರೆ ಬಂದಾಗ, ಅವರು ದೇವರ ಮನೆಯಲ್ಲಿದ್ದರು. ಅದರ ಮುಂದಿನ ಭಾನುವಾರವೂ ದೇವರ ಮನೆಯಲ್ಲೇ ಇದ್ದರು. ದೇವರ ಮನೆಯಲ್ಲಿ ಅಷ್ಟು ಹೊತ್ತು ಇರುವವರು ಅವರಲ್ಲ.

ಇಷ್ಟೇ ಆಗಿದ್ದರೆ ಕಾಲವೇ ವಾಸಿಮಾಡುತ್ತಿತ್ತು. ಆದರೆ ಅದೇ ದಿನಗಳಲ್ಲಿ ರಕ್ತಪರೀಕ್ಷೆಯಾಗಿ, ತಾಯಿಯವರ ಹಿಮೊಗ್ಲೋಬಿನ್ 9ಕ್ಕೆ ಇಳಿದಿದೆಯೆಂದು ತಿಳಿಯಿತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ವೈದ್ಯರು ಮಾತ್ರೆ ಬರೆದುಕೊಟ್ಟು, ‘ಮಾಂಸ ತಿನ್ನುವ ಮನೆಯಾದರೆ ವಾರಕ್ಕೆರಡು ಸಲ ಕೊಡಿ’ ಎಂದರು. ತಾಯಿಯವರಾದರೋ ಮಾಂಸದ ತಟ್ಟೆಯನ್ನೇ ದೂರ ಸರಿಸತೊಡಗಿದ್ದರು. ಮಗ ಮಾಡಿದ್ದಕ್ಕೆ ತಾನು ವ್ರತ ಹಿಡಿದಂತೆ.

ತಪ್ಪು ನಮ್ಮದು, ಅನುವಾದ ನಮ್ಮದು. ಆದ್ದರಿಂದ ತಿದ್ದುವ ಭಾರವೂ ನಮ್ಮ ಮೇಲೆಯೇ ಬಿತ್ತು. ಒಂದು ಭಾನುವಾರ ಮಧ್ಯಾಹ್ನ ತಾಯಿ, ಹೆಂಡತಿ, ಮಕ್ಕಳೊಡನೆ ಮೂಸಿ ನದಿಯನ್ನು ದಾಟಿ, ಬಹದ್ದೂರಪುರದ ನೆಹರೂ ಮೃಗಾಲಯಕ್ಕೆ ಹೊರಟೆವು.

1963ರ ಅಕ್ಟೋಬರಿನಲ್ಲಿ ಜನರಿಗಾಗಿ ತೆರೆದ ಈ ಮೃಗಾಲಯವು ಮೀರ್ ಆಲಂ ಕೆರೆಯ ಮಗ್ಗುಲಲ್ಲಿ ಸುಮಾರು 380 ಎಕರೆಯಷ್ಟು ಹಬ್ಬಿಕೊಂಡಿದೆ. ಹಿಂದಿರುವ ಕೆರೆಯ ಕಟ್ಟೆಯೂ ಒಂದು ನೋಟವೇ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅರ್ಧಚಂದ್ರಾಕೃತಿಯ 21 ಕಮಾನುಗಳನ್ನು ಸಾಲಾಗಿ ನಿಲ್ಲಿಸಿ ನೀರನ್ನು ತಡೆದಿದ್ದಾರೆ. ಊರಿಗೆ ಬಂದು ಹದಿನೈದು ವರ್ಷವಾದರೂ ಅದನ್ನು ಕಾಣದ ಕನ್ನಡಿಗರು ಬಹಳ ಮಂದಿ ಇದ್ದಾರೆ. ಹೋದವರ್ಷದವರೆಗೆ ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ಮಕ್ಕಳು ಹುಲಿ, ಸಿಂಹ ಎಂದು ಎಳೆದರೂ ಬಿಡದೆ, ಬ್ಯಾಟರಿ ಗಾಡಿ ಹತ್ತಿ ನೇರವಾಗಿ ಕಾಟಿಯ ಆವರಣಕ್ಕೇ ಹೋದೆವು. ಒಂದು ಗೂಳಿ ಬೇಲಿಯ ಕಡೆಗೆ ಮೈಕೊಟ್ಟು ನಿಂತಿತ್ತು. ಎಣ್ಣೆ ಹಚ್ಚಿದಂಥ ಕಪ್ಪು ಮೈ, ಮೊಳಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ, ಹಣೆಯ ಮೇಲೆ ಬೂದು ಬಣ್ಣ, ಒಳಕ್ಕೆ ಬಾಗಿದ ಕೊಂಬು, ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಎದ್ದುನಿಂತ ದಿಬ್ಬ. ಬೆಳೆದ ಗೂಳಿ ಒಂದು ಸಾವಿರ ಕಿಲೋದವರೆಗೂ ತೂಗಬಲ್ಲದು. ಹಸುವಿನ ಬಳಗದ ಕಾಡುಪ್ರಾಣಿಗಳಲ್ಲಿ ಇದಕ್ಕಿಂತ ಭಾರಿಯಾದದ್ದು ಬಹುಶಃ ಇಲ್ಲ.

ತಾಯಿಯವರು ಬೇಲಿಯ ಬಳಿ ಬಹಳ ಹೊತ್ತು ನಿಂತರು. ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದರೂ ಹಗಲು ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ಕಾಟಿಯನ್ನು ಅವರು ನೋಡಿರಲಿಲ್ಲವಂತೆ. ಗದ್ದೆಯಲ್ಲಿ ಅದರ ಹೆಜ್ಜೆಯನ್ನು ಮಾತ್ರ ನೋಡಿದ್ದರು. ‘ಇದರ ಕಣ್ಣು ನೋಡೋ, ನಮ್ಮ ಕೊಟ್ಟಿಗೆಯ ಕೆಂದಿಯ ಕಣ್ಣು’ ಎಂದರು. ನಮ್ಮ ವಾದಕ್ಕೆ ಇದರಿಂದ ಅನುಕೂಲವಾಗುವಂತಿರಲಿಲ್ಲ.

ಆದರೂ ಧೈರ್ಯ ಮಾಡಿ ಹೇಳಿದೆವು: ‘ಅಮ್ಮ, ಅವನು ತಿಂದದ್ದು ಇದನ್ನಲ್ಲ. ಬ್ರಿಟಿಷ್ ಬೇಟೆಗಾರರು ನಮ್ಮ ಕಾಟಿಗೆ ಬೈಸನ್ ಎಂದು ಹೆಸರಿಟ್ಟುಬಿಟ್ಟರು. ಅಮೆರಿಕದ ಬೈಸನ್ ಬೇರೆ. ಅದಕ್ಕೆ ಗಡ್ಡ ಉಂಟು, ಭುಜದ ಮೇಲೆ ಗೂನು ಉಂಟು, ಮೈಯ ಮುಂಭಾಗದಲ್ಲೆಲ್ಲ ಜೂಲು. ಅದಕ್ಕೆ ಹತ್ತಿರದ ನಂಟ ಹಿಮಾಲಯದ ಯಾಕ್. ಕಾಟಿ ಮಾತ್ರ ನಮ್ಮ ಹಸುವಿನ ನಂಟ.’

‘ಯಾಕ್ ಅಂದರೆ ಚಮರೀಮೃಗ ತಾನೆ? ಅದೂ ದನವೇ’ ಎಂದರು ತಾಯಿಯವರು. ಪ್ರಾಣಿಶಾಸ್ತ್ರವೂ ಅವರ ಪಕ್ಷವನ್ನೇ ವಹಿಸುತ್ತದೆ. ಎಲ್ಲವೂ ಒಂದೇ ದೊಡ್ಡ ಬಳಗ. ನಾವು ಬಾಯಿ ಮುಚ್ಚಿಕೊಂಡು ಕಡಲೆಕಾಯಿ ಕೊಂಡೆವು.

ನೆರಳಿನ ಕಟ್ಟೆಯ ಮೇಲೆ ಕೂತು ಎರಡು ಪ್ರಾಣಿಗಳ ಭಾಗ್ಯವನ್ನೂ ಹೋಲಿಸಿ ಹೇಳಿದೆವು. ಅಮೆರಿಕದ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಬೈಸನ್ನುಗಳು ಮೂರರಿಂದ ಆರು ಕೋಟಿಯವರೆಗೆ ಇದ್ದುವೆಂದು ಅಂದಾಜು. ಚರ್ಮದ ವ್ಯಾಪಾರಕ್ಕಾಗಿಯೂ, ಅವನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳನ್ನು ಬಗ್ಗಿಸುವುದಕ್ಕಾಗಿಯೂ ಕೊಂದು ಕೊಂದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾವಿರಕ್ಕಿಂತ ಕಡಿಮೆ ಉಳಿಸಿದರು. ಮತ್ತೆ ಕಾಪಾಡಿ ಬೆಳೆಸಿ ಈಗ ಲಕ್ಷಗಟ್ಟಲೆ ಆಗಿವೆ; ಹೆಚ್ಚಿನವು ಮಾಂಸಕ್ಕೆಂದೇ ಸಾಕಿದ ಖಾಸಗಿ ಮಂದೆಗಳು. 2016ರಲ್ಲಿ ಅದನ್ನು ಆ ದೇಶದ ರಾಷ್ಟ್ರೀಯ ಸ್ತನಿಯೆಂದೂ ಸಾರಿದರು. ಒಂದೇ ಪ್ರಾಣಿಗೆ ಪದವಿಯೂ ಉಂಟು, ಬಾಣಲೆಯೂ ಉಂಟು.

ನಮ್ಮ ಕಾಟಿಯ ಕಥೆ ಬೇರೆ. ಬೇಟೆ ಸಾಲದೆಂದು ಊರ ದನಗಳ ದೊಡ್ಡರೋಗವೂ ಅದಕ್ಕೆ ಅಂಟಿಕೊಂಡಿತು. 1968ರ ಸುಮಾರಿಗೆ ಬಂಡೀಪುರ, ಮುದುಮಲೆಯ ಕಾಡುಗಳಲ್ಲಿ ಬಹಳ ಕಾಟಿಗಳು ಸತ್ತುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಕಾಟಿಯ ಹೆಸರಿದೆ. ಕೊಂದವನಿಗೆ ಮೂರರಿಂದ ಏಳು ವರ್ಷದವರೆಗೆ ಜೈಲು. ದೊಡ್ಡರೋಗವಂತೂ 2011ರಲ್ಲಿ ಲೋಕದಿಂದಲೇ ತೊಲಗಿತು. ಈಗ ನಾಗರಹೊಳೆ, ಬಂಡೀಪುರ, ಭದ್ರಾ ಕಾಡುಗಳಲ್ಲಿ ಅವು ಹಿಂಡುಹಿಂಡಾಗಿ ಮೇಯುತ್ತವೆ. ‘ಅಪ್ಪನಿಗೆ ಕಾಯಿದೆ ಬೇಕಾಗಿರಲಿಲ್ಲ, ಹಾಗೇ ಬಿಟ್ಟಿದ್ದ’ ಎಂದು ತಾಯಿಯವರು ಹೇಳಿದ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಸಂಜೆ ಐದಕ್ಕೆ ಹೊರಬಿದ್ದು ಚಾರ್ ಮಿನಾರಿನ ಕಡೆಗೆ ನಡೆದೆವು. ಹಳೆಯ ಪಟ್ಟಣದ ಬೀದಿಯಲ್ಲಿ ಸಂಜೆಯಾದರೆ ಮೊದಲು ತಿಳಿಯುವುದು ಮೂಗಿಗೆ. ಒಂದೆಡೆ ಕಲ್ಯಾಣಿ ಬಿರಿಯಾನಿಯ ದೊಡ್ಡ ದೇಗಿ. ಇದರ ಹೆಸರಿನಲ್ಲಿ ನಮ್ಮ ನಾಡೇ ಇದೆಯೆಂಬುದು ವಾಚಕರಲ್ಲಿ ಕೆಲವರಿಗೆ ಹೊಸದಾಗಬಹುದು. ಬೀದರ ಜಿಲ್ಲೆಯ ಬಸವಕಲ್ಯಾಣದ ನವಾಬರು ಹೈದರಾಬಾದಿನಲ್ಲಿ ದೇವಡಿ ಕಟ್ಟಿಕೊಂಡಿದ್ದರು. ಊರಿನಿಂದ ಬಂದವರಿಗೆಲ್ಲ ಅಲ್ಲಿ ಬಡಿಸುತ್ತಿದ್ದ ಬಿರಿಯಾನಿಯೇ ಕಲ್ಯಾಣಿ ಬಿರಿಯಾನಿಯಾಯಿತೆಂದು ಹೇಳುತ್ತಾರೆ. ಎಮ್ಮೆಯ ಮಾಂಸದ ಸಣ್ಣ ಚೂರುಗಳು, ಜೀರಿಗೆ, ಕೊತ್ತಂಬರಿ, ಟೊಮ್ಯಾಟೊ. ಬಡವರ ಬಿರಿಯಾನಿಯೆಂದು ಹೆಸರು. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದಿನ ಆಡಳಿತದಲ್ಲೇ ಇದ್ದುವು. ಗಡಿ ಆಚೀಚೆಯಾದರೂ ದೇಗಿಯ ಮೇಲಿನ ಹೆಸರು ಹಾಗೇ ಉಳಿಯಿತು. ಆ ದಿನ ನಮಗೆ ಅದು ತಕ್ಕದ್ದಲ್ಲವೆಂದು ಮುಂದೆ ಸಾಗಿದೆವು.

ನಾವು ಹುಡುಕುತ್ತಿದ್ದುದು ‘ಪತ್ಥರ್ ಕಾ ಗೋಷ್ತ್’. ಕಲ್ಲಿನ ಮೇಲೆ ಸುಟ್ಟ ಮಾಂಸ. ಅಮೆರಿಕದವರ ಸ್ಟೇಕಿಗೆ ಹೈದರಾಬಾದು ಕೊಟ್ಟ ಉತ್ತರ ಇದೇ ಎನ್ನಬಹುದು. ಆರನೆಯ ನಿಜಾಮ ಮಹಬೂಬ್ ಅಲೀ ಖಾನರು (ಆಳಿದ್ದು 1869ರಿಂದ 1911) ಬೇಟೆಯ ಹುಚ್ಚಿನವರು. ಒಮ್ಮೆ ಕಾಡಿನಲ್ಲಿ ಕಬಾಬು ಬೇಕೆಂದಾಗ ಕಂಬಿಗಳನ್ನು ಮರೆತು ಬಂದಿದ್ದ ಅಡಿಗೆಯವರು ಒಂದು ಬಂಡೆಚೂರನ್ನು ಕಾಯಿಸಿ, ಅದರ ಮೇಲೆ ಮಾಂಸ ಸುಟ್ಟು ಮಾನ ಉಳಿಸಿಕೊಂಡರಂತೆ. ಕಥೆ ನಿಜವೋ ಸುಳ್ಳೋ, ಕಲ್ಲಿಗಂತೂ ಇಲ್ಲಿ ಬರವಿಲ್ಲ. ಈ ಊರು ಕುಳಿತಿರುವುದೇ ಸುಮಾರು 250 ಕೋಟಿ ವರ್ಷದ ಹಳೆಯ ಗ್ರಾನೈಟಿನ ಮೇಲೆ.

ಅಂಗಡಿಯ ಮುಂದೆ ಇದ್ದಿಲ ಕೆಂಡದ ಮೇಲೆ ಕಪ್ಪು ಚಪ್ಪಡಿ. ತಾಯಿಯವರು ಮೂರು ಸಲ ಕೇಳಿಸಿದರು, ಯಾವ ಪ್ರಾಣಿಯದೆಂದು. ‘ಬಕ್ರೇ ಕಾ ಹೈ ಅಮ್ಮಾ, ಡರೋ ನಕ್ಕೋ’ ಎಂದು ಮೂರು ಸಲವೂ ಬೇಸರವಿಲ್ಲದೆ ಹೇಳಿದ ಆ ಮುದುಕನಿಗೆ ದೇವರು ಒಳ್ಳೆಯದು ಮಾಡಲಿ. ಅವನು ಎಣ್ಣೆ ಚಿಮುಕಿಸಿ ತೆಳುವಾದ ತುಂಡುಗಳನ್ನು ಹರಡಿದ. ಚುಂಯ್ ಎಂದಿತು. ತಾಯಿಯವರು ಒಂದು ತುಂಡು ತಿಂದರು. ನಿಂಬೆಯ ಹೋಳು ಹಿಂಡಿಕೊಂಡು ಇನ್ನೊಂದು ತಿಂದರು. ಎಷ್ಟೋ ವಾರಗಳ ಮೇಲೆ ನೋಡಿದ ನೋಟ ಅದು. ‘ಇದನ್ನು ಹೇಗೆ ಮಾಡುತ್ತಾರೆ ಕೇಳು’ ಎಂದರು.

ಕೇಳಿದ್ದು ಇಷ್ಟು. ಆಡಿನ ತೊಡೆಯ ಎಲುಬಿಲ್ಲದ ಮಾಂಸ ಅರ್ಧ ಕಿಲೋ. ಎಳೆಗೆ ಅಡ್ಡವಾಗಿ ತೆಳುವಾಗಿ ಕೊಯ್ದು ಮೆಲ್ಲಗೆ ಜಜ್ಜಬೇಕು. ತುರಿದು ಅರೆದ ಹಸಿ ಪರಂಗಿಕಾಯಿ ಒಂದು ಚಮಚ, ಶುಂಠಿ-ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಮೆಣಸು, ಗರಂ ಮಸಾಲೆ, ಉಪ್ಪು, ನಿಂಬೆರಸ ಸೇರಿಸಿ ಮೂರು ನಾಲ್ಕು ಗಂಟೆ ಇಡಬೇಕು. ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ವಸ್ತು ಮಾಂಸದ ಎಳೆಯನ್ನು ಸಡಿಲಿಸುತ್ತದೆ. ಹೆಚ್ಚಾದರೆ ಮುದ್ದೆಯಾಗುತ್ತದೆ. ಕಲ್ಲು ಒಣಗಿರಬೇಕು, ನಿಧಾನವಾಗಿ ಕಾಯಬೇಕು. ಒಳಗೆ ನೀರಿದ್ದರೆ ಆವಿಯಾಗಿ ಕಲ್ಲು ಸಿಡಿದೀತು. ಕಲ್ಲಿಲ್ಲದವರಿಗೆ ದಪ್ಪ ಕಬ್ಬಿಣದ ಕಾವಲಿ ಸಾಕು.

ಬೈಸನ್ ಅಡಿಗೆಯ ಗುಟ್ಟೂ ಇದೇ. ಆ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಹೆಚ್ಚು ಹೊತ್ತು ಬೆಂಕಿ ಕಂಡರೆ ಎಳೆಗಳು ಮುದುಡಿ, ರಸ ಹೊರಬಂದು, ಚಪ್ಪಲಿಯ ಅಟ್ಟೆಯಾಗುತ್ತದೆ. ಒಳಗಿನ ಶಾಖ 63 ಡಿಗ್ರಿ ಮುಟ್ಟಿದೊಡನೆ ಇಳಿಸಿ, ಮೂರು ನಿಮಿಷ ಹಾಗೇ ಬಿಡಬೇಕೆಂದು ಆ ದೇಶದ ಕೃಷಿ ಇಲಾಖೆ ಹೇಳುತ್ತದೆ. ಆಡಿನದೂ ಕೊಬ್ಬು ಕಡಿಮೆಯ ಮಾಂಸವೇ. ಒಂದೋ ತೆಳುವಾಗಿ ಕೊಯ್ದು ಬೇಗ ಸುಡಬೇಕು. ಇಲ್ಲವೆ ಹಲೀಮಿನಂತೆ ಗಂಟೆಗಟ್ಟಲೆ ಬೇಯಿಸಿ ಕರಗಿಸಬೇಕು. ನಡುವಣ ದಾರಿ ಹಲ್ಲಿಗೆ ಕೇಡು.

ಅದೇ ಇಲಾಖೆಯ ಲೆಕ್ಕವನ್ನು ರಾತ್ರಿ ಮನೆಗೆ ಬಂದು ನೋಡಿ ಬೆರಗಾದೆವು. ಕೊಬ್ಬು ತೆಗೆದು ಸುಟ್ಟ ಬೈಸನ್ ಮಾಂಸ 100 ಗ್ರಾಮಿನಲ್ಲಿ 143 ಕ್ಯಾಲೊರಿ, 28.4 ಗ್ರಾಂ ಪ್ರೋಟೀನು, 2.4 ಗ್ರಾಂ ಕೊಬ್ಬು, 3.4 ಮಿಲಿಗ್ರಾಂ ಕಬ್ಬಿಣ. ಸುಟ್ಟ ಆಡಿನ ಮಾಂಸದಲ್ಲಿ ಅಷ್ಟೇ 143 ಕ್ಯಾಲೊರಿ, 27.1 ಗ್ರಾಂ ಪ್ರೋಟೀನು, 3 ಗ್ರಾಂ ಕೊಬ್ಬು, 3.7 ಮಿಲಿಗ್ರಾಂ ಕಬ್ಬಿಣ. ತಮ್ಮ ಸಮುದ್ರ ದಾಟಿ ತಿಂದದ್ದೂ ನಮ್ಮ ಬೀದಿಯ ಅಂಗಡಿಯಲ್ಲಿ ತೂಗುತ್ತಿರುವುದೂ ಪುಷ್ಟಿಯಲ್ಲಿ ಅಣ್ಣತಮ್ಮಂದಿರೇ! ಒಂದು ಎಚ್ಚರಿಕೆ: 2019ರ ಜಾನುವಾರು ಗಣತಿಯಂತೆ ದೇಶದಲ್ಲೆಲ್ಲ ಕುರಿಗಳು ಹೆಚ್ಚಾಗಿರುವುದು ತೆಲಂಗಾಣದಲ್ಲಿ, ಸುಮ್ಮನೆ ಮಟನ್ ಎಂದರೆ ಅಂಗಡಿಯವನು ಕೊಡುವುದು ಬಹುಮಟ್ಟಿಗೆ ಕುರಿಯದು, ಅದರಲ್ಲಿ ಕೊಬ್ಬು ಹೆಚ್ಚು. ಆಡು ಬೇಕಾದರೆ ‘ಮೇಕ’ ಎಂದು ತೆಲುಗಿನಲ್ಲಿ ಬಿಡಿಸಿ ಕೇಳಬೇಕು.

ಮಾಂಸ ಮುಟ್ಟದ ವಾಚಕರು ಮುನಿಯಬಾರದು. ಈ ವಿಷಯದಲ್ಲಿ ದೇಶಕ್ಕೆಲ್ಲ ಬುದ್ಧಿ ಹೇಳುವ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ತಾರ್ನಾಕದಲ್ಲೇ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರ ಕೈಯಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ ಅದು. 2020ರ ಅದರ ಶಿಫಾರಸಿನಂತೆ ಹರೆಯದ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಗಂಡಸಿಗೆ 19 ಸಾಕು. ನಮ್ಮ ಮನೆಗಳಲ್ಲಿ ಬಡಿಸುವ ಕ್ರಮ ಇದಕ್ಕೆ ತಿರುವುಮುರುವು! 2019-21ರ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಸಾಲದೆಂದು ಕಂಡುಬಂದುದರಲ್ಲಿ ಆಶ್ಚರ್ಯವೇನು? ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ, ಸೊಪ್ಪು-ಕಾಳಿನದು ನಿಧಾನ. ಆದರೆ ಅದರ ಮೇಲೆ ನಿಂಬೆರಸ ಹಿಂಡಿದರೆ, ಊಟವಾದೊಡನೆ ಕಾಫಿ ಕುಡಿಯದಿದ್ದರೆ ಅದೂ ಚೆನ್ನಾಗಿ ಹತ್ತುತ್ತದೆ. ಮಾತ್ರೆಯ ಬದಲು ಯಾವ ಊಟವೂ ಆಗದು. ತಾಯಿಯವರಿಗೆ ಎರಡನ್ನೂ ಕೊಡುತ್ತಿದ್ದೇವೆ.

ಮುಂದಿನ ಭಾನುವಾರ ಕರೆ ಬಂದಾಗ ತಾಯಿಯವರು ದೇವರ ಮನೆಗೆ ಹೋಗಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡರು. ಕಾಟಿಯ ಮಾತೆತ್ತಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ. ಆಡಿನ ಮಾಂಸ ಅಲ್ಲಿ ಸಿಗುತ್ತದೆಯೆ ಎಂದು ವಿಚಾರಿಸಿ, ಪರಂಗಿಕಾಯಿಯಿಂದ ಹಿಡಿದು ನಿಂಬೆಯವರೆಗೆ ಕ್ರಮವಾಗಿ ಹೇಳಿಕೊಟ್ಟರು. ಕೊನೆಗೆ ಮಾತ್ರ ದನಿ ಸ್ವಲ್ಪ ಏರಿತು:

‘ನಾನು ಕೊಟ್ಟ ದೋಸೆ ಕಾವಲಿ ಮುಟ್ಟಬೇಡ. ಅದಕ್ಕೆ ಬೇರೆ ಒಂದು ಕೊಂಡುಕೋ.’